ನಂಜುಂಡನ ಬ್ಯಾಂಡು, ನನ್ನ ಬ್ಯಾಂಜೋ

ಹುಲ್ಲಿನ ವಿಷಯದಲ್ಲಿ ನನಗೆ ತಿಳಿಯದ್ದು ಏನೂ ಇಲ್ಲ ಎಂದು ನಾನು ನಂಬಿದ್ದೆ. ಸಿಡ್ನಿ ಹೊರವಲಯದ ರೌಸ್ ಹಿಲ್‌ನ ನಮ್ಮ ಮನೆಯ ಹಿಂದೆ ಎರಡು ಚಾಪೆ ಹಾಸುವಷ್ಟು ಲಾನ್ ಇದೆ. ಅದನ್ನು ನಾನೇ ಕತ್ತರಿಸುತ್ತೇನೆ. ಹೀಗಾಗಿ ಗೆಳೆಯ ನಂಜುಂಡ ಫೋನಿನಲ್ಲಿ, "ಕೆಲ್ಸ ಬುಟ್ಬುಟ್ಟೆ ಕಣ್ಲಾ ಗಿರಿ, ಈಗ ಪೂರ್ತಿ ಬ್ಲೂಗ್ರಾಸ್‌ಗೇ ಇಳ್ದಿದೀನಿ" ಎಂದಾಗ ನನಗೆ ಅವನ ಮೇಲೆ ಅಪಾರ ಕರುಣೆ ಉಕ್ಕಿತು.

"ಒಳ್ಳೇದಾಯ್ತು ಬಿಡೋ. ಬಿಸಿಲೇರೋಕೆ ಮುಂಚೆ ನೀರು ಹಾಕು. ಬುಡದವರೆಗೂ ಕತ್ತರಿಸಬೇಡ, ಒಣಗಿಹೋಗುತ್ತೆ" ಎಂದು ಧೈರ್ಯ ತುಂಬಿದೆ.

ಆ ಕಡೆ ಅವನು ಗೊಳ್ಳೆಂದು ನಕ್ಕ.

"ಲೇ, ಹುಲ್ಲಲ್ಲ ಕಣ್ಲಾ. ಬ್ಲೂಗ್ರಾಸ್ ಅಂದ್ರೆ ಒಂಥರಾ ಹಳ್ಳಿ ಕಡೆ ತಂತಿ ಮ್ಯೂಸಿಕ್ಕು! ನಮ್ದೊಂದು ಬ್ಯಾಂಡ್ ಅದೆ. ಮುಂದಿನ ತಿಂಗ್ಳು ಟೂರ್‌ನಲ್ಲಿ ಪ್ಯಾರಮಟ್ಟಾಗೆ ಬತ್ತಾ ಇದೀವಿ. ಸುಮಾನ್ನ, ಮಗೀನ್ನ ಕರ್ಕೊಂಡು ಬಂದ್ಬುಡು!"

ಗುಂಡ್ಲುಪೇಟೆಯ ಈ ನಂಜುಂಡ ನನ್ನ ಹಳೆಯ ರೂಮ್‌ಮೇಟು. ಓದಲು ಬಂದ ಹೊಸದರಲ್ಲಿ ಪ್ಯಾರಮಟ್ಟಾದ ಒಂದು ಫ್ಲ್ಯಾಟಿನಲ್ಲಿ ಒಂದೇ ಕುಕ್ಕರಿನ ಅನ್ನ ಉಂಡವರು ನಾವು. ಆಮೇಲೆ ನನಗೆ ಸಿಡ್ನಿಯಲ್ಲೇ ಐಟಿ ಕೆಲಸ ಸಿಕ್ಕಿತು. ಅವನಿಗೆ ಇಲ್ಲೇ ಕಾಯಂ ನೆಲೆಸುವ ಪಿಆರ್ ಪರವಾನಗಿಗೆ ಪಾಯಿಂಟ್ಸ್ ಸಾಲದೆ, ವಿಕ್ಟೋರಿಯಾದ ಒಳನಾಡಿನ ಯಾವುದೋ ಊರಿಗೆ ಹೋಗಿ, ಟ್ರ್ಯಾಕ್ಟರ್ ರಿಪೇರಿ ಅಂಗಡಿಯಲ್ಲಿ ಲೆಕ್ಕ ಬರೆಯಲು ಸೇರಿಕೊಂಡ. ಅವನನ್ನು ಬಸ್ಸು ಹತ್ತಿಸುವಾಗ ಗಡಿಪಾರಾದವನನ್ನು ಕಳಿಸುವಂತೆ ಅಪ್ಪಿಕೊಂಡು, ಆ ಕುಕ್ಕರನ್ನು ಅವನಿಗೇ ದಾನ ಮಾಡಿದ್ದೆ. ಅಂದಿನಿಂದ ಯಾವಾಗ ಮಾರ್ಟ್‌ಗೇಜ್ ನೆನೆದು ಎದೆ ಭಾರವಾದರೂ "ಪಾಪ, ನಂಜುಂಡ" ಎಂದುಕೊಂಡರೆ ಸಾಕು, ಹಗುರವಾಗುತ್ತಿತ್ತು. ಗೆಳೆತನ ಅಂದರೆ ಇದೇ ಅಲ್ಲವೇ!

ಪ್ಯಾರಮಟ್ಟಾದ ಹಾಲ್ ತುಂಬಿತ್ತು. ಅದೇ ಮೊದಲ ತಪ್ಪು. ಐವತ್ತು ಜನ ಬಂದಿದ್ದರೆ ನಾನು ಅವನನ್ನು ಮನಸಾರೆ ಹೊಗಳುತ್ತಿದ್ದೆ.

ವೇದಿಕೆಯ ಮೇಲೆ ಡ್ರಮ್ ಇಲ್ಲ, ಬಣ್ಣದ ಲೈಟಿಲ್ಲ. ನಡುವೆ ಒಂದೇ ಒಂದು ಮೈಕು. ಅದರ ಸುತ್ತ ಆಳೆತ್ತರದ ಪಿಟೀಲಿನಂಥ ಬೇಸ್ ಹಿಡಿದ ಮಿಕ್ ಎಂಬ ಗಡ್ಡದವನು, ಪಿಟೀಲಿನ ಬ್ರಾನ್ವಿನ್ ಎಂಬ ಬೆಳ್ಳಿಗೂದಲಿನ ಹೆಂಗಸು, ಬ್ಯಾಂಜೋದ ಒಬ್ಬ ಉದ್ದನೆಯ ಮನುಷ್ಯ, ಮತ್ತು ಮ್ಯಾಂಡೊಲಿನ್ ಹಿಡಿದು, ಹ್ಯಾಟು ಹಾಕಿಕೊಂಡು ನಮ್ಮ ನಂಜುಂಡ! ಬ್ಯಾಂಡಿನ ಹೆಸರು 'ಸೋರುವ ಟ್ಯಾಂಕ್' ಎಂದು. ಅವರ ಊರಿನ ನೀರಿನ ಟ್ಯಾಂಕಿನ ಹೆಸರನ್ನೇ ಇಟ್ಟುಕೊಂಡಿದ್ದಾರಂತೆ. ಹಾಡುಗಳೂ ಆ ಊರಿನವೇ. ಬತ್ತಿದ ಹೊಳೆ, ಗೋಧಿ ಹೊಲದ ಹಳದಿ, ಕರೆಂಟ್ ತಂತಿಯ ಮೇಲೆ ಸಂಜೆ ಸಾಲಾಗಿ ಕೂರುವ ಗುಲಾಬಿ ಗಿಳಿಗಳು. ನಂಜುಂಡ ನಾವು ಕೂತಿದ್ದ ಕಡೆ ತಿರುಗಿ, ಕನ್ನಡದಲ್ಲೇ, "ಇದು ನಮ್ಮೂರಿನ ಗೋಧಿ ಕಣಜದ ಹಾಡು" ಎಂದ.

ನಮ್ಮೂರು! ಟ್ರ್ಯಾಕ್ಟರ್ ಅಂಗಡಿಯ ಊರು ಅವನಿಗೆ ನಮ್ಮೂರು! ನಾನು ಇಷ್ಟು ವರ್ಷ ಕಂತು ಕಟ್ಟಿಯೂ ರೌಸ್ ಹಿಲ್ಲನ್ನು 'ನಮ್ಮ ಸಬರ್ಬ್' ಎಂದಿದ್ದೇನೆಯೇ ಹೊರತು ಅದರಾಚೆ ಒಂದು ಅಕ್ಷರ ಮುಂದೆ ಹೋಗಿರಲಿಲ್ಲ.

"ರೀ, ಆ ಮ್ಯಾಂಡೊಲಿನ್ ಅಳ್ತಾ ಇದೆ ನೋಡ್ರಿ" ಎಂದಳು ನನ್ನ ಹೆಂಡತಿ ಸುಮಾ, ಕಣ್ಣೊರೆಸಿಕೊಂಡು. ನಮ್ಮ ಮದುವೆಯ ವಿಡಿಯೋ ನೋಡುವಾಗಲೂ ಅವಳು ಹೀಗೆ ಕಣ್ಣೊರೆಸಿಕೊಂಡದ್ದಿಲ್ಲ. ಮಗಳು ಅನ್ವಿಯಂತೂ ಫೋನನ್ನು ಜೇಬಿಗೆ ಹಾಕಿದ್ದಳು! ಹನ್ನೆರಡರ ಆ ಹುಡುಗಿ ನಾನು ಮಾತಾಡುವಾಗ ಒಮ್ಮೆಯೂ ಫೋನ್ ಜೇಬಿಗೆ ಹಾಕಿದವಳಲ್ಲ.

ಹೊಟ್ಟೆಯಲ್ಲಿ ಏನೋ ಉರಿಯತೊಡಗಿತು. ಸಂಜೆ ತಿಂದ ಮಿರ್ಚಿ ಇರಬೇಕು ಎಂದುಕೊಂಡೆ. ಆದರೆ ನಾನು ಮಿರ್ಚಿ ತಿಂದಿರಲಿಲ್ಲ.

ಶೋ ಮುಗಿದ ಮೇಲೆ ನಂಜುಂಡ ಓಡಿ ಬಂದು ತಬ್ಬಿಕೊಂಡ. ಕುಕ್ಕರ್ ಇನ್ನೂ ಇದೆ ಎಂದ. ಜನ ಅವನೊಡನೆ ಫೋಟೋ ತೆಗೆಸಿಕೊಳ್ಳಲು ಸಾಲು ನಿಂತಿದ್ದರು. ಆಗ ಯಾರೋ ಹೆಂಗಸು ಬಂದು ತನ್ನ ಫೋನನ್ನು ನನ್ನ ಕೈಗೇ ಕೊಟ್ಟು, "ಸರ್, ನಮ್ದೊಂದು ಕ್ಲಿಕ್ ಮಾಡ್ತೀರಾ?" ಎಂದರು. ಕ್ಲಿಕ್ ಮಾಡಿದೆ. ಆಮೇಲೆ ನನ್ನ ಬಾಯಿ ನನ್ನನ್ನು ಕೇಳದೆ ಹೀಗೆಂದಿತು:

"ನಾನೂ ಬ್ಯಾಂಜೋ ಶುರು ಮಾಡಿದೀನಿ ಕಣೋ."

ಸುಮಾ ನನ್ನತ್ತ ತಿರುಗಿದಳು. "ನೀವಾ? ಬ್ಯಾಂಜೋನಾ? ಎಲ್ಲಿ?"

"ಆಫೀಸಲ್ಲಿ" ಎಂದೆ.

ನಾನು ಬ್ಯಾಂಜೋವನ್ನು ಜೀವಮಾನದಲ್ಲಿ ಮೊದಲ ಬಾರಿಗೆ ಕಂಡದ್ದು ಆ ಸಂಜೆಯೇ ಎಂಬುದನ್ನು ಓದುಗರ ಗಮನಕ್ಕೆ ತರಬಯಸುತ್ತೇನೆ.

ನಂಜುಂಡ ಕುಣಿದಾಡಿಬಿಟ್ಟ. "ಟೂರ್‌ನ ಕೊನೇ ಶೋ ಮೆಲ್ಬರ್ನ್‌ನಲ್ಲಿ ಕಣ್ಲಾ. ಅಲ್ಲಿ ಸ್ನೇಹಿತ್ರನ್ನೆಲ್ಲಾ ಕರ್ದು ಒಂದೊಂದು ಹಾಡು ಮಾಡಿಸ್ತೀವಿ. ನೀನು ಬರ್ಲೇಬೇಕು! ನಿಮ್ಮೂರಿನ ಮೇಲೊಂದು ಹಾಡು ಕಟ್ಕೊಂಡು ಬಾ!" ಮಿಕ್ ನನ್ನ ಕೈ ಹಿಡಿದು ಕುಲುಕಿ, "ಗುಡ್ ಆನ್ ಯಾ, ಗ್ಯಾರಿ!" ಎಂದ. ಗಿರಿ ಎಂದು ತಿದ್ದುವಷ್ಟು ಉಸಿರು ನನ್ನಲ್ಲಿ ಉಳಿದಿರಲಿಲ್ಲ.

ಮರುದಿನವೇ ಸಿಡ್ನಿಯದೇ ಬಡಾವಣೆಯಾದ ಲಿವರ್‌ಪೂಲ್‌ನಲ್ಲಿ ಒಬ್ಬ ಮುದುಕರ ಹತ್ತಿರ ಸೆಕೆಂಡ್ ಹ್ಯಾಂಡ್ ಬ್ಯಾಂಜೋ ಇರುವುದನ್ನು ಪತ್ತೆ ಮಾಡಿ ಕಾರು ಹತ್ತಿದೆ. ನಾನು ಮೋಸ ಹೋಗುವವನಲ್ಲ. ತಿರುಗಿಸಿ ಮುರುಗಿಸಿ ನೋಡಿದೆ. ನಾಲ್ಕು ತಂತಿಗಳು ತುದಿಯವರೆಗೂ ಹೋಗಿದ್ದವು, ಐದನೆಯದು ಅರ್ಧ ದಾರಿಯಲ್ಲೇ ಒಂದು ಗೂಟಕ್ಕೆ ಸುತ್ತಿಕೊಂಡು ನಿಂತುಬಿಟ್ಟಿತ್ತು! "ಇದು ಡ್ಯಾಮೇಜ್ ಪೀಸು" ಎಂದು ಗಟ್ಟಿಯಾಗಿ ವಾದಿಸಿದೆ. ಮುದುಕರು ನನ್ನ ಮುಖವನ್ನೇ ನೋಡಿದರು. ಕೆಮ್ಮು ಬಂದವರಂತೆ ಒಳಗೆ ಹೋದರು. ಕಣ್ಣೊರೆಸಿಕೊಳ್ಳುತ್ತಾ ಹೊರಗೆ ಬಂದು ಬೆಲೆ ಇಳಿಸಿದರು. ಗೆದ್ದೆ ಎಂದುಕೊಂಡೆ.

ಮನೆಗೆ ಬಂದು ಆ ದೋಷವನ್ನು ಸರಿಪಡಿಸಲು ಕೂತೆ. ಐದನೆಯ ತಂತಿಯನ್ನು ಬಿಚ್ಚಿ, ಎಳೆದು, ಉಳಿದವುಗಳ ಸಮಕ್ಕೆ ತುದಿಗೆ ಸುತ್ತಿದೆ. ಅದು ಕುಯ್ಯೋ ಎಂದಿತು. ಇನ್ನಷ್ಟು ಸುತ್ತಿದೆ. ಟಪ್ ಎಂದು ಕಿತ್ತು ಬಂದು ನನ್ನ ಮೂಗಿನ ಮೇಲೆ ಗೆರೆ ಎಳೆಯಿತು.

"ಎಲ್ಲಾ ಬ್ಯಾಂಜೋನೂ ಹಾಗೇ ಇರುತ್ತಂತೆ ರೀ" ಎಂದಳು ಸುಮಾ, ಒಂದು ಕೈಯಲ್ಲಿ ಮೂಗಿಗೆ ಪಟ್ಟಿ ಹಚ್ಚುತ್ತಾ, ಇನ್ನೊಂದು ಕೈಯಲ್ಲಿ ಫೋನ್ ನೋಡುತ್ತಾ. "ಐದನೇದು ಗಿಡ್ಡಾನೇ ಅಂತೆ. ಆಫೀಸಿಂದು ಬೇರೆ ಥರಾ ಇತ್ತಾ?"

ಹೊಸ ತಂತಿ ಬಂತು. ಗರಾಜಿನಲ್ಲಿ ಸಾಧನೆ ಶುರುವಾಯಿತು. ಎರಡನೆಯ ಸಂಜೆ ಪಕ್ಕದ ಮನೆಯ ಪಂಜಾಬಿ ಆಂಟಿ ಗೇಟಿನ ಹತ್ತಿರ ಬಂದರು. "ಭಾಯಿಸಾಬ್, ವಾಷಿಂಗ್ ಮಷೀನ್ ಖರಾಬ್ ಹೋ ಗಯೀ ಕ್ಯಾ?" ಎಂದು ಕನಿಕರದಿಂದ ಕೇಳಿ, ತಮಗೆ ಗೊತ್ತಿದ್ದ ರಿಪೇರಿಯವನ ನಂಬರ್ ಕೊಟ್ಟು ಹೋದರು.

ಇನ್ನು ಹಾಡು. ನಮ್ಮೂರಿನ ನಿಸರ್ಗದಿಂದ ಸ್ಫೂರ್ತಿ ಪಡೆಯೋಣವೆಂದು ಅಡುಗೆಮನೆ ಕಿಟಕಿಯ ಬಳಿ ಕೂತೆ. ಬೂದು ತಗಡಿನ ಬೇಲಿ ಕಂಡಿತು. ಮಹಡಿಗೆ ಹೋಗಿ ಕೂತೆ. ಎದುರು ಮನೆಯ ಕಿಟಕಿ ಕಂಡಿತು, ಅದರಲ್ಲಿ ಎದುರು ಮನೆಯವರು ನನ್ನನ್ನೇ ನೋಡುತ್ತಿದ್ದರು. ನಂಜುಂಡನಿಗೆ ಹೊಳೆ, ಕಣಜ, ಗುಲಾಬಿ ಗಿಳಿ! ನನಗೆ? ಕೆಳಗೆ ಬೀದಿಯುದ್ದಕ್ಕೂ ಮನೆಮನೆಯ ಮುಂದೆ ಕಸದ ಬಿನ್‌ಗಳು ನಿಂತಿದ್ದವು. ಕೆಂಪು ಮುಚ್ಚಳ, ಹಳದಿ ಮುಚ್ಚಳ, ಹಸಿರು ಮುಚ್ಚಳ. ಯಾವ ವಾರ ಯಾವ ಬಣ್ಣದ್ದನ್ನು ಇಡಬೇಕೆಂಬುದು ಇಲ್ಲಿ ಯಾರಿಗೂ ನೆನಪಿರುವುದಿಲ್ಲ. ಸಂಜೆ ಬಿಸಿಲು ಬಿದ್ದಾಗ ಅವೂ ಒಂದು ಥರ ಹೊಳೆಯುತ್ತಿದ್ದವು. ಸಿಟ್ಟಿನಲ್ಲೇ ಬರೆದೆ:

*ಕೆಂಪು ಮುಚ್ಚಳ, ಹಳದಿ ಮುಚ್ಚಳ, ಹಸಿರು ಮುಚ್ಚಳ ಅಮ್ಮಯ್ಯಾ,*
*ಈ ವಾರ ಯಾವುದು ಹೊರಗಿಡಬೇಕು, ಪಕ್ಕದ ಮನೆಯ ನೋಡಯ್ಯಾ.*

"ಇದನ್ನ ಸ್ಟೇಜ್ ಮೇಲೆ ಹಾಡ್ತೀರಾ?" ಎಂದಳು ಸುಮಾ.

"ಯಾಕೆ, ನಂಜುಂಡ ನೀರಿನ ಟ್ಯಾಂಕಿನ ಮೇಲೆ ಹಾಡಬಹುದು, ನಾನು ಬಿನ್ ಮೇಲೆ ಹಾಡಬಾರದಾ?"

"ಡ್ಯಾಡ್, ಪ್ಲೀಸ್ ಡೋಂಟ್" ಎಂದಳು ಅನ್ವಿ. ಅವಳು ಕನ್ನಡ ಅರ್ಥ ಮಾಡಿಕೊಳ್ಳುತ್ತಾಳೆ ಎಂಬುದು ನನಗೆ ಖಚಿತವಾದದ್ದು ಆಗಲೇ.

ಮೆಲ್ಬರ್ನ್‌ನಲ್ಲಿ ಇಳಿದಾಗ ಬಿಸಿಲಿತ್ತು, ಕಾರು ಹತ್ತುವಷ್ಟರಲ್ಲಿ ಮಳೆ, ಪಬ್ ತಲುಪುವಷ್ಟರಲ್ಲಿ ಕೊರೆಯುವ ಗಾಳಿ. ಪಬ್ಬಿನ ಹಿಂದಿನ ಹಾಲಿನಲ್ಲಿ ಮಧ್ಯಾಹ್ನ ರಿಹರ್ಸಲ್. ಒಂದೇ ಮೈಕಿನ ವಿದ್ಯೆಯನ್ನು ಬ್ರಾನ್ವಿನ್ ವಿವರಿಸಿದಳು. ಯಾರ ಸರದಿಯೋ ಅವರು ಮೈಕಿನ ಹತ್ತಿರ ಬರಬೇಕು, ನುಡಿಸಿ, ಬಲಕ್ಕೆ ಸರಿದು ಹಿಂದೆ ಹೋಗಬೇಕು. ಇನ್ನೊಬ್ಬರು ಎಡದಿಂದ ಬರುತ್ತಾರೆ. "ರೌಂಡ್‌ಅಬೌಟ್ ಇದ್ದ ಹಾಗೆ, ಲವ್" ಎಂದಳು. ನನಗೆ ನೆಮ್ಮದಿಯಾಯಿತು. ಮೂಲೆಗೊಂದು ಸರ್ಕಲ್ ಇರುವ ರೌಸ್ ಹಿಲ್‌ನವನಿಗೆ ರೌಂಡ್‌ಅಬೌಟ್ ಹೇಳಿಕೊಡಬೇಕೇ!

ತಂತಿ ಮೀಟಲು ಬೆರಳಿಗೆ ಹಾಕುವ ತಗಡಿನ ಉಗುರುಗಳ ಬಗ್ಗೆ ಮಾತ್ರ ನಾನು ಯಾರನ್ನೂ ಕೇಳಲಿಲ್ಲ. ಕೇಳಿದರೆ ಮರ್ಯಾದೆ ಏನಾಗಬೇಕು? ನಮ್ಮ ಉಗುರು ಇರುವ ಕಡೆಯೇ ಆ ಉಗುರೂ ಇರಬೇಕೆಂದು ಹಾಕಿಕೊಂಡೆ. ಅದು ಬೆರಳಿನ ಒಳಮೈಗೆ ಬರಬೇಕಂತೆ.

ಸಂಜೆ ಹಾಲ್ ಕಿಕ್ಕಿರಿದಿತ್ತು. ಸುಮಾ, ಅನ್ವಿ ಮುಂದಿನ ಸಾಲಿನಲ್ಲೇ. ನಂಜುಂಡ ಮೈಕಿನೆದುರು ನಿಂತು, ಬಸ್ಸು ಹತ್ತಿಸಿದ್ದನ್ನೂ ಕುಕ್ಕರನ್ನೂ ಹೇಳಿ, "ನನ್ನ ಪ್ರಾಣಸ್ನೇಹಿತ" ಎಂದು ನನ್ನನ್ನು ಕರೆದ. ನನಗೆ ಒಂದು ಕ್ಷಣ ನಾಚಿಕೆಯಾಯಿತು. ಆದರೆ ಚಪ್ಪಾಳೆ ಅವನಿಗೇ ಜಾಸ್ತಿ ಬಿದ್ದದ್ದರಿಂದ ನಾಚಿಕೆ ಅಲ್ಲಿಗೇ ನಿಂತಿತು.

ಮೈಕಿನ ಬಳಿ ಹೋದೆ. "ಇದು ನಮ್ಮೂರಿನ ಹಾಡು" ಎಂದೆ. ಹಾಗೆನ್ನಬೇಕೆಂದು ಅಂದುಕೊಂಡಿರಲಿಲ್ಲ, ಬಾಯಿಗೆ ಬಂದುಬಿಟ್ಟಿತು. ಎರಡು ಸಾಲು ಹಾಡಿದೆ. ಯಾರೂ ಓಡಿಹೋಗಲಿಲ್ಲ! ಉಬ್ಬಿಹೋಗಿ ಬ್ಯಾಂಜೋ ಮೀಟಿದೆ. ಮೊದಲ ಮೀಟಿಗೇ ತೋರುಬೆರಳಿನ ಉಗುರು ತಂತಿಗೆ ಸಿಕ್ಕಿ, ಚಿಮ್ಮಿ, ಮುಂದಿನ ಸಾಲಿನ ಬೋಳುತಲೆಯವರೊಬ್ಬರ ಬಿಯರ್ ಗ್ಲಾಸಿನೊಳಗೆ ಟಿಣ್ ಎಂದು ಬಿತ್ತು. ಆ ಸಂಜೆ ನನ್ನಿಂದ ಬಂದ ಏಕೈಕ ಶುದ್ಧ ಸ್ವರ ಅದು.

ಗಾಬರಿಯಲ್ಲಿ ಎಡಕ್ಕೆ ಸರಿದೆ. ಎಡದಿಂದ ಬ್ರಾನ್ವಿನ್ ಬರುತ್ತಿದ್ದಳು. ಪಿಟೀಲಿನ ಕಮಾನು ನನ್ನ ಕಿವಿಗೆ ನಾಟಿತು. "ಅಯ್ಯಮ್ಮಾ!" ಎಂದು ಹಿಂದೆ ಹಾರಿದೆ. ಹಿಂದೆ ಮಿಕ್‌ನ ಬೇಸ್ ಇತ್ತು. ಅದು ತೆಂಗಿನಮರದಂತೆ ವಾಲಿತು. ಮಿಕ್ ಅದನ್ನು ಮಗುವಿನಂತೆ ತಬ್ಬಿ ಹಿಡಿದ. ನನ್ನನ್ನು ತಬ್ಬಲು ಯಾರೂ ಇರಲಿಲ್ಲ. ಬ್ಯಾಂಜೋದ ಪಟ್ಟಿ ಮೈಕಿನ ಕಂಬಕ್ಕೆ ಸಿಕ್ಕಿಕೊಂಡು, ಕಂಬ, ಬ್ಯಾಂಜೋ, ನಾನು ಮೂವರೂ ಒಟ್ಟಿಗೆ ನೆಲಕ್ಕೊರಗಿದೆವು. ಮೈಕ್ ಬಾಯಿಯ ಹತ್ತಿರವೇ ಬಿದ್ದದ್ದರಿಂದ ನನ್ನ "ಸುಮಾ!" ಎಂಬ ಆರ್ತನಾದ ಹಾಲಿನ ಮೂಲೆಮೂಲೆಗೂ ಸ್ಪಷ್ಟವಾಗಿ ಕೇಳಿಸಿತು.

ಹಾಲ್ ಬಿದ್ದೂ ಬಿದ್ದೂ ನಕ್ಕಿತು. ಎದ್ದು ನಿಂತು ಶಿಳ್ಳೆ ಹೊಡೆಯಿತು. ಇದೆಲ್ಲ ಮೊದಲೇ ಹೊಂದಿಸಿಟ್ಟ ತಮಾಷೆ ಎಂದು ಅವರು ತಿಳಿದಿದ್ದರು!

ಆಗ ನಂಜುಂಡ ನನ್ನ ಪಕ್ಕ ಮಂಡಿಯೂರಿದ. "ಏಳ್ಬೇಡ, ಹಂಗೇ ಹಾಡ್ಲಾ" ಎಂದು ಪಿಸುಗುಟ್ಟಿ ಮ್ಯಾಂಡೊಲಿನ್ ಹಿಡಿದ. ಬಿದ್ದಲ್ಲಿಂದಲೇ ಹಾಡಿದೆ. ಕೆಂಪು ಮುಚ್ಚಳ, ಹಳದಿ ಮುಚ್ಚಳ. ಅವನ ಬೆರಳಿನಲ್ಲಿ ಅದು ಬೇರೆಯೇ ಹಾಡಾಯಿತು. ಸಂಜೆ ಬಿಸಿಲು, ಯಾರೂ ಇಲ್ಲದ ಬೀದಿ, ಸಾಲಾಗಿ ಕಾಯುತ್ತಾ ನಿಂತ ಬಿನ್‌ಗಳು, ಎಲ್ಲವೂ ಅದರೊಳಗಿದ್ದವು. ನಾನು ಸಿಟ್ಟಿನಲ್ಲಿ ಕಂಡದ್ದನ್ನು ಅವನು ಕಾಣದೆಯೇ ನುಡಿಸುತ್ತಿದ್ದ. ಕೂತಿದ್ದವರೆಲ್ಲ "ಹಸಿರು ಮುಚ್ಚಳ" ಎಂದು ತೊದಲುತ್ತಾ ದನಿಗೂಡಿಸಿದರು. ಸುಮಾ ಕಣ್ಣೊರೆಸಿಕೊಂಡಳು. ನನ್ನ ಹಾಡಿಗೇ! ಆದರೆ ನೋಡುತ್ತಿದ್ದದ್ದು ಮ್ಯಾಂಡೊಲಿನ್ನನ್ನು. ನೆಲದ ಮೇಲೆ ಮಲಗಿಕೊಂಡೂ ಹೊಟ್ಟೆಕಿಚ್ಚು ಪಡಬಹುದು ಎಂದು ಅಂದು ತಿಳಿಯಿತು.

ಶೋ ಮುಗಿದ ಮೇಲೆ ಬೋಳುತಲೆಯವರು ಉಗುರನ್ನು ಒರೆಸಿ ಹಿಂತಿರುಗಿಸಿದರು. ನಂಜುಂಡ ನನ್ನ ಹೆಗಲ ಮೇಲೆ ಕೈ ಹಾಕಿ ಮೂಲೆಗೆ ಕರೆದುಕೊಂಡು ಹೋದ.

"ಗಿರಿ, ಬ್ಯಾಂಡ್‌ನವ್ರೆಲ್ಲಾ ಮಾತಾಡ್ಕೊಂಡ್ವಿ ಕಣ್ಲಾ. ಆ ಹಾಡು ನಮ್ಗೆ ಬೇಕು."

ನನ್ನ ಎದೆಯುಬ್ಬಿತು. "ಬರ್ತೀನಿ ಕಣೋ. ಲೀವ್ ಹಾಕಿ ಬರ್ತೀನಿ!"

ಅವನು ಮಿಕ್‌ನ ಕಡೆ ನೋಡಿದ. ಮಿಕ್ ಬೇಸನ್ನು ಇನ್ನೂ ತಬ್ಬಿಕೊಂಡೇ ಇದ್ದ.

"ಹಾಡು ಸಾಕು ಕಣ್ಲಾ" ಎಂದ ನಂಜುಂಡ, ತುಂಬಾ ಮೃದುವಾಗಿ.

ಬಿನ್ ಹಾಡು ಈಗ ಅವರ ಜೊತೆ ಊರೂರು ಸುತ್ತುತ್ತಿದೆ. ಗ್ಯಾರಿ ಬರೆದದ್ದು ಎಂದು ಮಿಕ್ ತಪ್ಪದೆ ಹೇಳುತ್ತಾನಂತೆ. ಇತ್ತ ಅನ್ವಿ ಮೆಲ್ಬರ್ನ್‌ನಿಂದ ಬಂದವಳೇ ಮ್ಯಾಂಡೊಲಿನ್ ಬೇಕೆಂದು ಹಟ ಹಿಡಿದಳು. ನಾನು ಕಲಿಸುತ್ತೇನೆ ಎಂದೆ. ತಾಯಿ ಮಗಳು ಇಬ್ಬರೂ ಒಟ್ಟಿಗೆ "ಬೇಡ" ಎಂದರು. ಮಗಳು ಕನ್ನಡದಲ್ಲಿ ಉತ್ತರ ಕೊಟ್ಟದ್ದು ಅದೇ ಮೊದಲು.

ಈಗ ಭಾನುವಾರ ಬೆಳಿಗ್ಗೆ ಗರಾಜಿನಲ್ಲಿ ನಂಜುಂಡ ಅಂಕಲ್‌ನ ವಿಡಿಯೋ ಕ್ಲಾಸು. ಅವಳ ಬೆರಳು ಅವನಿಗೆ ಸರಿಯಾಗಿ ಕಾಣಬೇಕಲ್ಲ, ಫೋನ್ ಹಿಡಿದು ನಿಲ್ಲುವ ಜವಾಬ್ದಾರಿ ನನ್ನದು. ಅವಳು ಚೆನ್ನಾಗಿ ನುಡಿಸುತ್ತಾಳೆ. ಅವನು ಚೆನ್ನಾಗಿ ಕಲಿಸುತ್ತಾನೆ. ಇಬ್ಬರೂ ನಗುತ್ತಿರುತ್ತಾರೆ. ನಾನು ಅಲ್ಲಾಡದೆ ನಿಂತಿರುತ್ತೇನೆ. ಹೋದ ವಾರ ಅವಳು ಒಂದು ಕಷ್ಟದ ಸಾಲನ್ನು ತಪ್ಪಿಲ್ಲದೆ ನುಡಿಸಿದಾಗ ನನಗೆ ತಡೆಯಲಾಗಲಿಲ್ಲ. "ಭೇಷ್ ಮಗಳೇ, ನಮ್ಮ ವಂಶದ ಕಳೆ!" ಎಂದು ಕೂಗಿಬಿಟ್ಟೆ.

ಫೋನಿನಿಂದ ನಂಜುಂಡನ ದನಿ ಬಂತು: "ಲೇ ಗಿರಿ, ವಸಿ ಎಡಕ್ಕೆ ಹಿಡ್ಕೊಳ್ಲಾ. ನಿನ್ನ ಹೆಬ್ಬೆಟ್ಟು ಬುಟ್ರೆ ನಂಗೆ ಬೇರೇನೂ ಕಾಣ್ತಾ ಇಲ್ಲ!"

ಎಡಕ್ಕೆ ಹಿಡಿದುಕೊಂಡೆ.