ಅಲ್ಲಾಡಿಸಬೇಡಿ, ಮಗುವಿಗೆ ಹೆಪ್ಪು ಹಾಕಿದೆ

ನನ್ನ ಸೋದರಮಾವನ ಪ್ರಕಾರ ನನ್ನ ಮಗಳು ಆರು ವಾರದ ತನಕ ಮಗುವಾಗಿದ್ದಳು. ಏಳನೆಯ ವಾರದಿಂದ ಹಾಲಿನ ಪಾತ್ರೆಯಾದಳು. ನಗಬೇಡಿ, ಆ ಪಾತ್ರೆಯನ್ನು ಹೆತ್ತವಳು ನಾನು!

ನನಗೆ ತಾಯಿ ಇಲ್ಲ. ಹಾಗಾಗಿ ಬಾಣಂತನಕ್ಕೆ ಸಂತೇಬೆನ್ನೂರಿನ ಮಾವನ ಮನೆಗೆ ಬಂದಿದ್ದೆ. ಗಂಡ ಜಗಳೂರಿನಲ್ಲಿ ಮೇಷ್ಟ್ರು. ಭಾನುವಾರ ಬಂದು, ಮಗುವನ್ನು ಮುದ್ದಾಡಿ, ಅದು ಅಳಲು ಶುರುಮಾಡುವ ಮುಂಚಿನ ಬಸ್ಸಿಗೆ ಹೊರಟುಬಿಡುವಷ್ಟು ಜಾಣರು. ಮಾವ ಮೂವತ್ತು ವರ್ಷ ಹಾಲಿನ ಡೇರಿಯ ಸೆಕ್ರೆಟರಿಯಾಗಿದ್ದವರು. ಕ್ಯಾನಿನ ಹತ್ತಿರ ಮೂಗು ತಂದರೆ ಸಾಕು, ಎಮ್ಮೆ ನಿನ್ನೆ ಏನು ಮೇಯ್ದಿತ್ತು ಎಂದು ಹೇಳುತ್ತಿದ್ದರಂತೆ. ಒಮ್ಮೆ ಸರದಿಯಲ್ಲಿ ನಿಂತಿದ್ದ ತಮ್ಮ ಹೆಂಡತಿ, ಅಂದರೆ ನಮ್ಮ ಅತ್ತೆ, ತಂದ ಹಾಲನ್ನೇ "ನೀರು ಐತೆ, ಮುಂದಕ್ಕೆ ನಡೀರಿ" ಎಂದು ವಾಪಸ್ಸು ಕಳಿಸಿದ್ದರು. ಅವತ್ತು ಮನೆಯಲ್ಲಿ ಅವರಿಗೆ ಬಡಿಸಿದ ಸಾರಿನಲ್ಲೂ ನೀರೇ ಹೆಚ್ಚಾಗಿತ್ತು ಎಂದು ಅತ್ತೆ ಈಗಲೂ ಹೇಳುತ್ತಾರೆ.

ಮಗಳು ಸರಿಯಾಗಿ ಸಂಜೆ ಐದೂವರೆಗೆ ಅಳಲು ಶುರುಮಾಡುತ್ತಿದ್ದಳು. ಮುಷ್ಟಿ ಬಿಗಿದು, ಮೊಣಕಾಲನ್ನು ಹೊಟ್ಟೆಗೆ ಎಳೆದುಕೊಂಡು, ಮುಖ ಕೆಂಪಗೆ ಮಾಡಿಕೊಂಡು ಎಂಟೂವರೆಯವರೆಗೆ ಒಂದೇ ಸಮನೆ. ಜ್ವರ ಇಲ್ಲ, ಹಾಲು ಕುಡಿಯುತ್ತಾಳೆ, ತೂಕವೂ ಏರುತ್ತಿದೆ. ಆದರೂ ಅಳು. ಗೋವಿನಕೋವಿಯಿಂದ ಮಗು ನೋಡಲು ಬಂದ ನೆಂಟರ ಅಜ್ಜಿಯೊಬ್ಬರು ಕಾಫಿ ಕುಡಿದು, ಲೋಟ ಕೆಳಗಿಟ್ಟು, "ತಾಯಿ ಹಾಲು ಸರಿ ಇಲ್ಲ ಕಣವ್ವ. ಅದಕ್ಕೇ ಕೂಸಿಗೆ ಒಗ್ತಿಲ್ಲ" ಎಂದು ಹೇಳಿ ಎದ್ದು ಹೋದರು. ನಾನು ನಕ್ಕೆ. ಅಂದರೆ, ಅವರು ಗೇಟು ದಾಟುವ ತನಕ ನಕ್ಕೆ. ಆಮೇಲೆ ಪ್ರತಿ ಸಲ ಎದೆಗೆ ಹಾಕಿಕೊಂಡಾಗಲೂ ಮಗುವಿಗೆ ವಿಷ ಕುಡಿಸುತ್ತಿದ್ದೇನೇನೋ ಎಂದು ಭಯವಾಗುತ್ತಿತ್ತು. ಯಾರಿಗೂ ಹೇಳಲಿಲ್ಲ.

ಚನ್ನಗಿರಿಯ ಮಕ್ಕಳ ಡಾಕ್ಟರಮ್ಮ ಮಗುವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಇದು ಕಾಲಿಕ್. ಹೊಟ್ಟೆನುಲಿತ ಅನ್ನಿ. ಪ್ರೋಬಯಾಟಿಕ್ ಹನಿ ಬರೀತೀನಿ, ದಿನಕ್ಕೆ ಐದು. ಕೆಲವು ಮಕ್ಕಳಿಗೆ ಅನುಕೂಲ ಆಗುತ್ತೆ, ಕೆಲವಕ್ಕೆ ಆಗಲ್ಲ. ಮೂರ್ನಾಲ್ಕು ತಿಂಗಳು ತುಂಬಿದರೆ ಹೇಗೂ ತಾನಾಗೇ ಕಡಿಮೆ ಆಗುತ್ತೆ. ಎದೆಹಾಲು ಮಾತ್ರ ಬಿಡಿಸಬೇಡಿ" ಎಂದರು. ನಾನು ಬಾಯಿ ತೆರೆಯುವುದರೊಳಗೆ ಮಾವ ಕುರ್ಚಿಯನ್ನು ಮುಂದಕ್ಕೆಳೆದಿದ್ದರು.

"ಈ ಹನಿಯಾಗೆ ಏನೈತ್ರಿ?"

"ಒಳ್ಳೆ ಬ್ಯಾಕ್ಟೀರಿಯಾ."

"ಜೀವ ಇರೋವಾ?"

"ಹೌದು, ಜೀವಂತ."

"ಎಷ್ಟು?"

"ಕೋಟಿಗಟ್ಟಲೆ ಇರ್ತವೆ."

ಮಾವ ತೃಪ್ತಿಯಿಂದ ನನ್ನ ಕಡೆ ತಿರುಗಿ, "ಹಂಗಂದ್ರೆ ಇದು ಹೆಪ್ಪು" ಎಂದರು. ಡಾಕ್ಟರಮ್ಮ ಒಂದು ಕ್ಷಣ ಯೋಚಿಸಿ, "ಒಂಥರಾ ಹಾಗೇ ಅನ್ಕೊಳ್ಳಿ" ಅಂದುಬಿಟ್ಟರು. ಅಲ್ಲಿಗೆ ನನ್ನ ಕಥೆ ಮುಗಿಯಿತು!

ವಾಪಸ್ಸು ಬರುವಾಗ ಬಸ್ಸಿನಲ್ಲಿ ಮಾವ ಬಾಟಲಿಯನ್ನು ಅಂಗಿಯ ಒಳಜೇಬಿನಲ್ಲಿಟ್ಟು ಮೇಲೆ ಅಂಗೈ ಮುಚ್ಚಿಕೊಂಡೇ ಕೂತಿದ್ದರು. "ಯಾಕೆ ಮಾವ?" ಎಂದೆ. "ಮೆತ್ತಗೆ ಮಾತಾಡು. ಕೋಟಿ ಜೀವ ಐದಾವೆ ಅಂತ ಕಂಡಕ್ಟರ್‌ಗೆ ಗೊತ್ತಾದ್ರೆ ಎಲ್ಲಾದಕ್ಕೂ ಟಿಕೆಟ್ ಹರೀತಾನೆ" ಎಂದರು. ಮುಖದಲ್ಲಿ ನಗುವಿನ ಗುರುತೇ ಇರಲಿಲ್ಲ.

ಹೆಪ್ಪು ಹಾಕುವುದು ಸಂಜೆಯೇ. ಆದ್ದರಿಂದ ಐದು ಗಂಟೆಗೆ ಐದು ಹನಿ. ಹೆಪ್ಪು ಹಾಕಿದ ಪಾತ್ರೆಯನ್ನು ಅಲ್ಲಾಡಿಸಿದರೆ ಮೊಸರು ಕೂರುವುದಿಲ್ಲ. ಆದ್ದರಿಂದ ಐದರಿಂದ ಒಂಬತ್ತರವರೆಗೆ ತೊಟ್ಟಿಲು ತೂಗುವಂತಿಲ್ಲ! ಮಾವ ತೊಟ್ಟಿಲನ್ನು ಕಿಟಕಿಯ ಸರಳಿಗೆ ಹಗ್ಗದಿಂದ ಬಿಗಿದರು. ಲೋಕದ ಮಕ್ಕಳೆಲ್ಲ ಅತ್ತಾಗ ತೂಗಿಸಿಕೊಳ್ಳುತ್ತವೆ. ನನ್ನದು ಅಳುವ ಹೊತ್ತಿಗೇ ಸರಿಯಾಗಿ ಕಟ್ಟಿಹಾಕಿಸಿಕೊಂಡಿತು. ಅತ್ತೆ ಮಗುವಿನ ಎದುರು ನಿಂಬೆಹಣ್ಣು ಹೆಚ್ಚುವಂತಿರಲಿಲ್ಲ. ಹೊಟ್ಟೆ ಬೆಚ್ಚಗಿರಲಿ ಎಂದು ಮಾವ ಏಪ್ರಿಲ್ ಬಿಸಿಲಲ್ಲಿ ಕಂಬಳಿ ತಂದರು. ಅತ್ತೆ ಅದನ್ನು ಕಿತ್ತುಕೊಂಡು, "ಅಷ್ಟು ಆಸೆ ಇದ್ರೆ ನೀವೇ ಹೊದ್ಕಳ್ರಿ" ಎಂದರು. ಮಾವ ಹೊದ್ದುಕೊಂಡು ಕೂತರು.

ಪಕ್ಕದ ಮನೆಯಾಕೆ ಒಂದು ದಿನ ಮುಸ್ಸಂಜೆ ಬಂದು, "ನನ್ನ ಮೊಮ್ಮಗನೂ ಅಳ್ತಾನೆ, ನಾಕು ಹನಿ ಕೊಡ್ರಿ" ಎಂದರು. ಮಾವ, "ದೀಪ ಹಚ್ಚಿದ ಮೇಲೆ ನಮ್ಮ ಮನ್ಯಾಗೆ ಹೆಪ್ಪು ಕೊಡಲ್ಲ. ಬೆಳಿಗ್ಗೆ ಡಾಕ್ಟರ್‌ಗೆ ತೋರಿಸ್ರಿ" ಎಂದರು. ಹೇಳಿದ ಕಾರಣ ತಪ್ಪು, ಕೊಟ್ಟ ಸಲಹೆ ನೂರಕ್ಕೆ ನೂರು ಸರಿ. ಮಾವನ ಜೊತೆ ಜಗಳವಾಡುವುದು ಕಷ್ಟವಾಗುವುದೇ ಇದಕ್ಕೆ.

ನಾಲ್ಕನೆಯ ದಿನ ನಾನು ಬಾಟಲಿಯ ಮೇಲಿನ ಚೀಟಿಯನ್ನು ಗಟ್ಟಿಯಾಗಿ ಓದಿದೆ: ಬಳಸುವ ಮುನ್ನ ಚೆನ್ನಾಗಿ ಅಲ್ಲಾಡಿಸಿ. ಮಾವನ ಮುಖ ಕಪ್ಪಿಟ್ಟಿತು. ಹೆಪ್ಪನ್ನೇ ಅಲ್ಲಾಡಿಸುವುದೇ! ಕನ್ನಡಕ ತೆಗೆದು ಒರೆಸಿ, ಹಾಕಿಕೊಂಡು, ಮತ್ತೆ ತೆಗೆದರು. ಬಹಳ ಹೊತ್ತಿನ ಮೇಲೆ ರಾಜಿಗೆ ಬಂದರು. "ಸರಿ. ಬಾಟ್ಲಿ ಅಲ್ಲಾಡಿಸ್ರಿ. ಕೂಸನ್ನ ಬ್ಯಾಡ."

ಅಳು ನಿಂತಿತೇ ಎಂದು ಕೇಳುತ್ತೀರಿ. ನಿಂತಿತು, ಮೂರು ತಿಂಗಳು ದಾಟಿದ ಮೇಲೆ. ಹನಿಯಿಂದಲೋ, ವಯಸ್ಸಿನಿಂದಲೋ, ಮಾವನ ಕಾಟ ತಡೆಯಲಾರದೆಯೋ ನನಗೆ ಗೊತ್ತಿಲ್ಲ. ನಾನು ಹೇಳಬೇಕೆಂದಿರುವುದು ಹನಿ ಶುರುಮಾಡಿದ ಹತ್ತನೆಯ ದಿನದ ಸಂಜೆಯ ಮಾತು.

ಅವತ್ತು ಅವಳು ಎಂದಿಗಿಂತ ಹೆಚ್ಚು ಅತ್ತಳು. ನನ್ನ ಕೈಲಿ ಆಗಲಿಲ್ಲ. "ಮಾವ, ಹೆಪ್ಪು ಕೂರದಿದ್ರೆ ತಪ್ಪು ಹಾಲಿಂದೇ ಅಂತ ನೀವೇ ಹೇಳ್ತೀರಲ್ಲ. ನನ್ನ ಹಾಲೇ ಕೆಟ್ಟದ್ದು. ನಾಳೆ ಡಬ್ಬಿ ಹಾಲು ತಂದುಕೊಡ್ರಿ, ಎದೆ ಬಿಡಿಸ್ತೀನಿ" ಎಂದು ಅತ್ತುಬಿಟ್ಟೆ.

ಮಾವ ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡು ಕೂತರು.

"ನಿನ್ನ ಹೊನ್ನಾಳಿ ಭಾವ ಐದಾನಲ್ಲ, ನಮ್ಮ ಹುಡುಗ, ಅವನೂ ಹಿಂಗೇ ಅಳ್ತಿದ್ದ. ಮಂದಿ ನಿಮ್ಮತ್ತೆಗೂ ಇದನ್ನೇ ಅಂದ್ರು. ಇವಳು ಬಂದು ನನ್ನ ಕೇಳಿದ್ಲು, ಹೌದೇನ್ರೀ ಅಂತ. ಊರ ಹಾಲಿಗೆಲ್ಲ ಮಾತಾಡಿದೋನು ನಾನು, ಅವತ್ತು ಬಾಯೇ ಬಿಡಲಿಲ್ಲ. ಎದೆ ಬಿಡಿಸಿದ್ಲು. ಹುಡುಗ ಆಮೇಲೂ ಅಷ್ಟೇ ಅತ್ತ ಕಣವ್ವ. ಅವಳ ಹಾಲಿನಾಗೆ ಏನೂ ತಪ್ಪಿರಲಿಲ್ಲ. ನಂಗೆ ಗೊತ್ತಾತು. ಹೇಳಾಕೆ ಆಗಲಿಲ್ಲ."

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತ್ತು. ಅತ್ತೆ ಒದ್ದೆ ಕೈಯಲ್ಲೇ ಬಾಗಿಲಿಗೆ ಬಂದು ನಿಂತಿದ್ದರು. ಅವರು ಅತ್ತದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ, ಆಮೇಲೂ ನೋಡಿಲ್ಲ.

ಮಾವ ಅವರ ಕಡೆ ನೋಡಲಾರದೆ ಎದ್ದು ತೊಟ್ಟಿಲಿಗೆ ಬಿಗಿದಿದ್ದ ಕಿಟಕಿಯ ಹಗ್ಗ ಬಿಚ್ಚಲು ಹೋದರು. ಗಂಟು ಬಿಡಲಿಲ್ಲ. ಅತ್ತೆ ಸೆರಗಿನಲ್ಲಿ ಕೈ ಒರೆಸಿಕೊಂಡು ಬಂದು, ಅವರ ಬೆರಳುಗಳನ್ನು ಪಕ್ಕಕ್ಕೆ ಸರಿಸಿ, "ಬಿಡ್ರಿ, ನಾನು ಬಿಚ್ತೀನಿ" ಎಂದರು.