ವಿಮಾನ ತಡೆದ ಗೋಪಾಲಪ್ಪ

ಪುಷ್ಪರಾಜನಿಗೆ ಶನಿ ಹೆಗಲೇರಿದ್ದು ಒಂದೇ ಒಂದು ಪ್ರಶ್ನೆಯಿಂದ. ಅದೂ ಬೆಳಗಿನ ಕಾಫಿ ಗಂಟಲಲ್ಲಿ ಇಳಿಯುವ ಮೊದಲೇ, ಬೆಂಗಳೂರಿನಲ್ಲಿ ಕೂತ ಉಮಾಮಹೇಶ್ವರ ಸಾಹೇಬರು ಕಂಪ್ಯೂಟರ್ ಪರದೆಯೊಳಗಿಂದ ಕೇಳಿದ ಪ್ರಶ್ನೆ.

"ಪುಷ್ಪರಾಜ್, ಈ ಗೋಪಾಲಪ್ಪ ಯಾರ್ರೀ?"

ಸಾಗರದ ಬಟ್ಟೆ ಅಂಗಡಿಯೊಂದರ ಮಹಡಿಯಲ್ಲಿದ್ದ ಅವರ ಪುಟ್ಟ ಕಂಪನಿ ವಿಮಾನ ನಿಲ್ದಾಣಕ್ಕೆ ಸಾಫ್ಟ್‌ವೇರ್ ಮಾಡುತ್ತಿತ್ತು. ವಿಮಾನ ಇಳಿದ ಮೇಲೆ ಏಣಿ ಯಾವಾಗ ಬರಬೇಕು, ಲಗೇಜು ಗಾಡಿ ಎಲ್ಲಿ ನಿಲ್ಲಬೇಕು, ಎಣ್ಣೆ ಟ್ಯಾಂಕರ್ ಯಾವ ಕಡೆಯಿಂದ ನುಗ್ಗಬೇಕು ಅನ್ನುವುದನ್ನೆಲ್ಲ ಅದು ಹೇಳಬೇಕು. ಹಳೆಯದನ್ನು ಕಿತ್ತು ಹೊಸದನ್ನು ಹಾಕುವ ದಿನ ಇವತ್ತು. ಏಣಿಯ ತಂಡ ಸಾಗರದಲ್ಲಿ, ಲಗೇಜಿನ ತಂಡ ರಿಪ್ಪನ್‌ಪೇಟೆಯಲ್ಲಿ, ಎಣ್ಣೆಯ ತಂಡ ತೀರ್ಥಹಳ್ಳಿಯಲ್ಲಿ. ಯಾರ ಕೆಲಸ ಯಾರಿಂದ ನಿಂತಿದೆ ಎಂದು ಹುಡುಕಿ ದಾರಿ ಬಿಡಿಸುವುದು ಪುಷ್ಪರಾಜನ ಉದ್ಯೋಗ. ಸೇರಿ ಇನ್ನೂ ತಿಂಗಳೂ ತುಂಬಿರಲಿಲ್ಲ.

ಎಲ್ಲರಿಗೂ ಕಾಣುವ ಬೋರ್ಡಿನಲ್ಲಿ ಅರ್ಧಕ್ಕರ್ಧ ಕೆಲಸದ ಮುಂದೆ ಒಂದೇ ಮಾತಿತ್ತು: 'ಗೋಪಾಲಪ್ಪನವರಿಂದ ಬಾಕಿ.'

ಯಾರೋ ಏನೋ, ಪುಷ್ಪರಾಜನಿಗೆ ಸುತರಾಂ ಗೊತ್ತಿಲ್ಲ. ಆದರೆ ಗೊತ್ತಿಲ್ಲ ಅಂದರೆ ಉದ್ಯೋಗಕ್ಕೇ ಸಂಚಕಾರ. "ಒಳ್ಳೇ ಕೆಲಸಗಾರರು ಸಾರ್. ಸಂಜೆಯೊಳಗೆ ಮುಗಿಸ್ತಾರೆ" ಅಂದುಬಿಟ್ಟ.

"ಮುಗಿದ್ರೆ ನಿಮ್ಮ ನಾದಿನಿ ಮದುವೆಗೆ ವಾರ ರಜೆ. ಮುಗೀದಿದ್ರೆ ಮದುವೇನ ಫೋನಲ್ಲೇ ನೋಡಿ," ಎಂದು ಸಾಹೇಬರು ಮಾಯವಾದರು.

ಪುಷ್ಪರಾಜನ ಹೆಂಡತಿ ಶೀಲಾವತಿ ಆಗಲೇ ತವರಿಗೆ ಹೋಗಿ ಕೂತಿದ್ದಳು. ಹಿಂದಿನ ಸಲ ಅವಳ ಅಣ್ಣನ ಗೃಹಪ್ರವೇಶಕ್ಕೆ ರಜೆ ಸಿಗದೆ ತಪ್ಪಿಸಿಕೊಂಡಾಗ, ಆಕೆ ಮಾತಿಲ್ಲದೆ ಕಳೆದ ದಿನಗಳನ್ನು ನೆನೆದರೆ ಈಗಲೂ ಅವನಿಗೆ ಬೆವರು ಬರುತ್ತಿತ್ತು.

ಏಣಿ ತಂಡದ ಶಿವರಾಮನ ಮೇಜಿನ ಹತ್ತಿರ ಓಡಿದ. "ಶಿವರಾಮಣ್ಣ, ಗೋಪಾಲಪ್ಪ ಎಲ್ಲಿ ಕೂತ್ಕೋತಾರೆ?"

ಶಿವರಾಮ ಕಿಟಕಿಯ ಕಡೆ ನೋಡಿದ. "ಅವ್ರಾ? ರಿಪ್ಪನ್‌ಪೇಟೆ ಕಡೆ ಇರ್ಬೇಕು ಮಾರಾಯ್ರೇ. ಸುಪ್ರಿಯಾನ ಕೇಳಿ."

ರಿಪ್ಪನ್‌ಪೇಟೆಯ ಸುಪ್ರಿಯಾ ಫೋನಿನಲ್ಲಿ, "ಅವ್ರು ತೀರ್ಥಹಳ್ಳಿಯವ್ರಲ್ವಾ ಸಾರ್?" ಅಂದಳು. ತೀರ್ಥಹಳ್ಳಿಯ ಯೋಗರಾಜ್, "ಸಾಗರದಲ್ಲೇ ಇದಾರಲ್ಲ, ನೀವು ನೋಡಿಲ್ವಾ?" ಎಂದು ಉಲ್ಟಾ ಹೊಡೆದ. ಪುಷ್ಪರಾಜನಿಗೆ ಈಗ ರಜೆಗಿಂತ ಕುತೂಹಲವೇ ಹೆಚ್ಚಾಯಿತು. ಇಷ್ಟು ಕೆಲಸ ತಡೆದು ನಿಲ್ಲಿಸಿದ ಆ ಪುಣ್ಯಾತ್ಮನ ಮುಖವನ್ನಾದರೂ ನೋಡೋಣವೆಂದು ಬೈಕ್ ಹತ್ತಿದವನು ಆನಂದಪುರ ದಾಟಿ ರಿಪ್ಪನ್‌ಪೇಟೆಯಲ್ಲೇ ಇಳಿದ.

ಬಸ್‌ಸ್ಟ್ಯಾಂಡಿನ ಹೋಟೆಲಿನ ಸುಬ್ಬಯ್ಯನಿಗೆ ಊರಿನ ಉಸಾಬರಿಯೆಲ್ಲ ಬೇಕು. ಪುಷ್ಪರಾಜ ಬಂದ ಕಾರಣವನ್ನು ಅವನಿಗೆ ಹೇಳಿದ. "ಯಾವ ಗೋಪಾಲಪ್ಪ? ಮಂಡಿ ಗೋಪಾಲಪ್ಪನಾ, ಮಂಡಿನೋವಿನ ಗೋಪಾಲಪ್ಪನಾ?" ಎಂದವನೇ ಉತ್ತರಕ್ಕೂ ಕಾಯದೆ, ಮೂಲೆಯಲ್ಲಿ ಬನ್ಸ್ ತಿನ್ನುತ್ತಿದ್ದ ಮುದುಕರೊಬ್ಬರನ್ನು ಕೈಹಿಡಿದು ಎಬ್ಬಿಸಿ ತಂದ.

"ವಿಮಾನಕ್ಕೆ ಎಣ್ಣೆ ಹಾಕೋದು ನಿಮ್ಮಿಂದ ನಿಂತಿದ್ಯಂತೆ!" ಎಂದು ಸುಬ್ಬಯ್ಯ ಘೋಷಿಸಿದ.

ಮುದುಕರು ಕಂಗಾಲಾದರು. "ಅಯ್ಯೋ ದೇವ್ರೇ, ನಾನು ದೀಪಕ್ಕೆ ಎಣ್ಣೆ ಹಾಕೋದೂ ಬಿಟ್ಟು ವರ್ಷ ಆಯ್ತು. ಸೊಸೇನೇ ಹಾಕ್ತಾಳೆ. ಅವಳನ್ನ ಕೇಳಿ!"

ಸುತ್ತ ಜನ ಸೇರಿದರು. ವಿಮಾನ ಎಲ್ಲಿ ಬಿದ್ದಿದೆ ಎಂದು ಒಬ್ಬ ಕೇಳಿದ. ಬ್ಯಾಕೋಡಿನ ಹಿನ್ನೀರಿಗೆ ಎಂದು ಇನ್ನೊಬ್ಬ ಉತ್ತರವನ್ನೂ ಕೊಟ್ಟ. ಪುಷ್ಪರಾಜ ಕೈಮುಗಿದು ತಪ್ಪಿಸಿಕೊಂಡು ಸುಪ್ರಿಯಾಳ ಆಫೀಸಿಗೆ ನುಗ್ಗಿದ.

"ನೋಡಮ್ಮಾ, ನಿಜ ಹೇಳು. ಈ ಗೋಪಾಲಪ್ಪ ಇದಾರೋ ಇಲ್ವೋ?"

ಸುಪ್ರಿಯಾ ತಲೆ ತಗ್ಗಿಸಿದಳು. "ಇಲ್ಲ ಸಾರ್."

"ಇಲ್ಲ ಅಂದ್ರೆ? ರಜೇಲಿದಾರಾ?"

"ಹುಟ್ಟೇ ಇಲ್ಲ ಸಾರ್. ನನ್ನ ಲಗೇಜು ನಿಂತಿರೋದು ಯೋಗರಾಜಣ್ಣನ ಎಣ್ಣೆಯಿಂದ. ಅವ್ರು ನನ್ನ ನಾದಿನಿ ಗಂಡ. ಊರಿಗೆಲ್ಲ ಕಾಣೋ ಬೋರ್ಡಲ್ಲಿ ಅವ್ರ ಹೆಸ್ರು ಬರೆದು, ಹಬ್ಬಕ್ಕೆ ಯಾವ ಮುಖ ಇಟ್ಕೊಂಡು ಅವ್ರ ಮನೆಗೆ ಹೋಗ್ಲಿ? ಅದಕ್ಕೇ ಗೋಪಾಲಪ್ಪ ಅಂತ ಬರೆದೆ. ಉಳಿದವ್ರೂ ಚೆನ್ನಾಗಿದೆ ಅಂತ ಅದನ್ನೇ ಬರೆದ್ರು."

ಯೋಗರಾಜನ ಎಣ್ಣೆ ಶಿವರಾಮನ ಏಣಿಗೆ ಕಾಯುತ್ತಿತ್ತು. ಫೋನಿನಲ್ಲಿ ಕೇಳಿದರೆ, "ಹೆಂಡ್ತಿ ಅಣ್ಣನ ಮೇಲೆ ದೂರು ಬರೆದ್ರೆ ನಂಗೆ ಮನೇಲಿ ಊಟ ಹಾಕ್ತಾಳಾ?" ಅಂದ. ಶಿವರಾಮನ ಏಣಿ ಸುಪ್ರಿಯಾಳ ಲಗೇಜಿಗೆ ಕಾಯುತ್ತಿತ್ತು. "ತಮ್ಮನ ಹೆಂಡ್ತಿ ಕಣ್ರೀ. ಮನೆ ಸೊಸೇನ ಬೀದೀಲಿ ನಿಲ್ಸೋದಾ?" ಅಂದ. ಒಬ್ಬರ ಹಿಂದೆ ಒಬ್ಬರು ಹೀಗೆ ದುಂಡಗೆ ನಿಂತು ಕಾಯುತ್ತಿದ್ದರು, ಮೊದಲು ಹೆಜ್ಜೆ ಎತ್ತುವವರೇ ಇರಲಿಲ್ಲ. ದಾಕ್ಷಿಣ್ಯಕ್ಕೆ ಬಸಿರಾದರೆ ಹೆರಲಿಕ್ಕೆ ಜಾಗವಿಲ್ಲ ಅನ್ನುವುದು ಇದಕ್ಕೇ!

ಪುಷ್ಪರಾಜ ಮೂವರನ್ನೂ ಒಂದೇ ವೀಡಿಯೋ ಕರೆಗೆ ಎಳೆದ. "ತಪ್ಪು ನಿಮ್ಮ ಯಾರದ್ದೂ ಅಲ್ಲ. ಆಯ್ತಾ? ನಮ್ಮ ಕಡೆ ಗದ್ದೆ ನೆಟ್ಟಿ ಹೇಗೆ ಮಾಡ್ತಾರೆ? ಮುಯ್ಯಾಳು. ಇವತ್ತು ನಿಮ್ಮಲ್ಲಿಗೆ ನಾವು, ನಾಳೆ ನಮ್ಮಲ್ಲಿಗೆ ನೀವು. ಇವತ್ತು ಎಲ್ರೂ ಗೋಪಾಲಪ್ಪನ ಗದ್ದೆಗೆ ಇಳೀರಿ. ಅರ್ಧಂಬರ್ಧ ಆಗಿದ್ರೂ ಇದ್ದಿದ್ದನ್ನ ಒಬ್ರಿಗೊಬ್ರು ಕೊಟ್ಕೊಳ್ಳಿ."

ಗೋಪಾಲಪ್ಪನ ಗದ್ದೆ ಎಂದದ್ದೇ ತಡ, ಮೂವರಿಗೂ ಹುರುಪು ಬಂತು. ತನ್ನ ತಪ್ಪು ತಿದ್ದಿಕೊಳ್ಳಲು ನಾಚುವವನು ಪರರ ತಪ್ಪು ತಿದ್ದಲು ತೋಳೇರಿಸುತ್ತಾನೆ. ಯೋಗರಾಜ್ ತನ್ನ ಎಣ್ಣೆಯ ಲೆಕ್ಕವನ್ನು ಸುಪ್ರಿಯಾಳಿಗೆ ಕೊಟ್ಟ, ಅವಳು ಲಗೇಜಿನದನ್ನು ಶಿವರಾಮನಿಗೆ ದಾಟಿಸಿದಳು, ಅವನು ಏಣಿಯನ್ನು ಯೋಗರಾಜನಿಗೆ ಒರಗಿಸಿದ. "ಈ ಗೋಪಾಲಪ್ಪ ಎಂಥಾ ಕೊಳಕು ಕೋಡ್ ಬರೆದಿದಾನಪ್ಪ!" ಎಂದು ಬೈದುಕೊಳ್ಳುತ್ತಲೇ ಅವರವರ ತಪ್ಪುಗಳನ್ನು ಅವರವರೇ ತಿದ್ದಿದರು. ಬೋರ್ಡಿನಲ್ಲಿ ಕೆಲಸವೆಲ್ಲ ಗೋಪಾಲಪ್ಪನ ಹೆಸರಿನಲ್ಲೇ ಮುಗಿಯುತ್ತ ಹೋಯಿತು. ಸಂಜೆ ಹೊಸ ಸಾಫ್ಟ್‌ವೇರ್ ಏರಿತು. ವಿಮಾನ ಇಳಿಯಿತು. ಏಣಿ ಬಂತು, ಲಗೇಜು ಇಳಿಯಿತು, ಎಣ್ಣೆ ತುಂಬಿತು. ಪುಷ್ಪರಾಜನಿಗೆ ಖುಷಿಯಿಂದ ಕಣ್ಣಲ್ಲಿ ನೀರೇ ಬಂತು. ಶೀಲಾವತಿಗೆ ಫೋನ್ ಮಾಡಿ, "ಸೂಟ್‌ಕೇಸ್ ಕಟ್ತಾ ಇದೀನಿ!" ಎಂದು ಕೂಗಿ ಹೇಳಿದ.

ಅಷ್ಟರಲ್ಲಿ ಪರದೆಯ ಮೇಲೆ ಉಮಾಮಹೇಶ್ವರ ಸಾಹೇಬರು ಪ್ರತ್ಯಕ್ಷರಾದರು. ಮುಖದಲ್ಲಿ ಎಂದೂ ಕಾಣದ ನಗು.

"ಬೋರ್ಡ್ ನೋಡಿದೆ. ಮೂರು ತಂಡದ ಕೆಲಸ, ಒಂದೇ ದಿನ, ಒಬ್ಬನೇ ಮನುಷ್ಯ! ಇಂಥವರನ್ನ ಮೂಲೇಲಿ ಕೂರಿಸಿದೀರಲ್ಲ, ನಾಚಿಕೆ ಆಗಲ್ವಾ ನಿಮಗೆ?"

"ಸಾರ್, ಅದು... ಆ ಗೋಪಾಲಪ್ಪ..." ಎಂದು ಪುಷ್ಪರಾಜ ಬಾಯಿ ತೆರೆದ. ಪರದೆಯ ಮೂರು ಮೂಲೆಗಳಲ್ಲಿ ಶಿವರಾಮ, ಸುಪ್ರಿಯಾ, ಯೋಗರಾಜ್ ಬೇಡವೆಂದು ಕೈಮುಗಿದರು. ಬೆಳಿಗ್ಗೆ ತಾನೇ ಕೊಟ್ಟ ಸರ್ಟಿಫಿಕೇಟೂ ನೆನಪಾಯಿತು. ಬಾಯಿ ಮುಚ್ಚಿತು.

"ಇವತ್ತಿಂದ ನಿಮಗೆಲ್ಲ ಗೋಪಾಲಪ್ಪನವರೇ ಲೀಡ್, ಅವರೇ ಮೇಲಧಿಕಾರಿ. ಆರ್ಡರ್ ಹೊರಟಾಗಿದೆ."

"ಸಂತೋಷ ಸಾರ್," ಎಂದ ಪುಷ್ಪರಾಜ, ಅಳುವ ದನಿಯಲ್ಲಿ. "ನನ್ನ ರಜೆ?"

"ಅದನ್ನಿನ್ನು ನಾನು ಕೊಡೋ ಹಾಗಿಲ್ಲ. ಗೋಪಾಲಪ್ಪನವರು ಒಪ್ಪಿ ನನಗೊಂದು ಫೋನ್ ಮಾಡ್ಲಿ, ಅವರ ದನೀನೂ ಕೇಳಿದ ಹಾಗಾಗುತ್ತೆ."

ಪರದೆ ಕಪ್ಪಾಯಿತು. ಕಟ್ ಮಾಡಲು ಮರೆತಿದ್ದ ಮೊಬೈಲಿನಿಂದ ಶೀಲಾವತಿಯ ದನಿ ಕೇಳಿತು.

"ಎಲ್ಲಾ ಕೇಳಿಸ್ಕೊಂಡೆ ಕಣ್ರೀ. ನೀವು ಎದುರಾಡಲ್ಲ ಅಂತ ನಂಗೊತ್ತು. ಆ ಗೋಪಾಲಪ್ಪನ ನಂಬರ್ ಕೊಡಿ, ನಾನೇ ಮಾತಾಡ್ತೀನಿ."