ಹಿತ್ತಲಲ್ಲಿ ಬೆಂದ ಕೊರಿಯಾ ಹಂದಿ

ಹೊಟ್ಟೆಗೆ ಹೋಗಬಹುದಾದದ್ದೆಲ್ಲ ಅಡುಗೆಮನೆಗೆ ಹೋಗುವ ಹಾಗಿಲ್ಲ. ಇದು ಯಾರು ಮಾಡಿದ ಕಾನೂನೋ ನನಗೆ ಗೊತ್ತಿಲ್ಲ, ಆದರೆ ನಮ್ಮ ಕಡೆ ಮನೆಮನೆಗೂ ಐತೆ. ನನ್ನ ತವರು ಜಗಳೂರಿನ ಹತ್ತಿರ ಸೊಕ್ಕೆ. ಅಲ್ಲಿ ನಾವು ಹಂದಿ ತಿನ್ನುತ್ತಿದ್ದೆವು, ಆದರೆ ಹಿತ್ತಲಲ್ಲಿ ಮೂರು ಕಲ್ಲು ಹೂಡಿ ಬೇಯಿಸಿ, ಅಲ್ಲೇ ಕೂತು ಉಂಡು, ತಲೆಗೆ ನೀರು ಹಾಕಿಕೊಂಡೇ ಒಳಗೆ ಬರಬೇಕು. ಮದುವೆಯಾಗಿ ಸಾಸ್ವೆಹಳ್ಳಿಗೆ ಬಂದರೆ, ಇಲ್ಲಿ ಮಾವನವರ ಕಾಲದಲ್ಲೇ ಹಂದಿ ಬಿಟ್ಟಿದ್ದರು. ಕುರಿ, ಕೋಳಿ, ಹೊಳೆ ಮೀನು ಆಗುತ್ತದೆ. ಹಂದಿಯ ಹೆಸರು ಎತ್ತಿದರೆ ದೇವರ ಕೋಣೆ ಕಡೆ ನೋಡುತ್ತಿದ್ದರು. ನಾನೂ ಬಿಟ್ಟೆ. ಬಿಡದೆ ಇನ್ನೇನು, ಹಂದಿಗೋಸ್ಕರ ಗಂಡನನ್ನು ಬಿಡಾಕೆ ಆಗುತ್ತಾ? ಒಂದೆರಡು ಸಲ ಹಾಗೂ ಅನ್ನಿಸಿತ್ತು, ಆ ಮಾತು ಬೇರೆ.

ಇಂಥ ಮನೆಯಲ್ಲಿ ನನ್ನ ಮೊಮ್ಮಗಳು ಚೈತ್ರ ಒಂದು ದಿನ ಫೋನ್ ತಂದು ನನ್ನ ಮೂಗಿಗೆ ಹಿಡಿದಳು. 'ಅಜ್ಜಿ, ಇದು ಮಾಡಿಕೊಂಡು ಉಣ್ಣಬೇಕು ನಂಗೆ' ಅಂದಳು. ಬಟ್ಟಲಲ್ಲಿ ಅನ್ನ, ಮೇಲೆ ಕೆಂಪಗೆ ಹುರಿದ ಮಾಂಸ, ಅದರ ಮೇಲೆ ಅರೆಬೆಂದ ಮೊಟ್ಟೆ, ಎಳ್ಳು ಉದುರಿಸಿದ್ದಾರೆ. ಕೊರಿಯಾ ದೇಶದ್ದಂತೆ. 'ಮಾಂಸ ಯಾವುದೇ?' ಅಂದೆ. ಆ ಕಡೆ ಈ ಕಡೆ ನೋಡಿ, ಗಂಡನ ಹೆಸರು ಹೇಳುವ ಹೊಸ ಮದುವಣಗಿತ್ತಿ ಹಾಗೆ, 'ಹಂದಿ' ಅಂದಳು.

ಬೇರೆ ಯಾವಾಗಲಾದರೂ ಆಗಿದ್ದರೆ 'ಹೋಗೇ, ಕೆಲಸ ನೋಡು' ಅನ್ನುತ್ತಿದ್ದೆ. ಆದರೆ ಹುಡುಗಿ 'ಉಣ್ಣಬೇಕು' ಅನ್ನೋ ಮಾತು ಆಡಿ ಬಹಳ ದಿನ ಆಗಿತ್ತು. ನ್ಯಾಮತಿಯಿಂದ ಒಂದು ಗಂಡು ಬಂದು ನೋಡಿ, ಒಪ್ಪಿ, ನಾವು ನಿಶ್ಚಿತಾರ್ಥದ ಶಾಸ್ತ್ರಕ್ಕೆ ಎಲ್ಲ ಸಾಮಾನು ತಂದಿಟ್ಟ ಮೇಲೆ, 'ಹುಡುಗಿ ಬಣ್ಣ ಸ್ವಲ್ಪ ಕಮ್ಮಿ' ಅಂತ ಹೇಳಿಕಳಿಸಿದ್ದರು. ಆ ಹುಡುಗನನ್ನೂ ನೋಡಿದ್ದೆ, ಬಾಣಲೆ ತಳಕ್ಕೂ ಅವನಿಗೂ ಹೆಚ್ಚು ವ್ಯತ್ಯಾಸ ಇರಲಿಲ್ಲ. ಅವತ್ತಿನಿಂದ ಇವಳು ತಟ್ಟೆ ಮುಂದೆ ಕೂತು ಅನ್ನ ಕೆದಕಿ ಎದ್ದುಹೋಗುತ್ತಿದ್ದಳು. ಸೊಸೆ ಗಿರಿಜಾಗೆ ಗಾಬರಿ. ಗಾಯಕ್ಕೆ ಗಾಯವೇ ಮದ್ದು ಅನ್ನೋ ಹಾಗೆ, ಬಸವಾಪಟ್ಟಣದ ಇನ್ನೊಂದು ಗಂಡಿಗೆ ಮಾತಾಡಿ, ಬರುವ ಭಾನುವಾರ ನೋಡಾಕೆ ಬರ್ತಾರೆ ಅಂತ ಗೊತ್ತು ಮಾಡಿದಳು. 'ನಂಗೆ ಈಗಲೇ ಬೇಡಮ್ಮ' ಅಂತ ಹುಡುಗಿ ಎಷ್ಟು ಹೇಳಿದರೂ ಕೇಳಲಿಲ್ಲ. ತಾಯಿ ಮಗಳಿಗೆ ಮಾತು ನಿಂತಿತ್ತು.

ನಾನು ಗಿರಿಜಾಗೆ ಹೇಳಿದೆ, 'ಉಣ್ತೀನಿ ಅಂತೈತೆ ಕೂಸು. ಹಿತ್ತಲಲ್ಲಿ ಬೇಯಿಸ್ತೀವಿ.'

'ಅತ್ತೆ, ತಲೆ ನೆಟ್ಟಗೈತಾ? ಬಸವಾಪಟ್ಟಣದವರಿಗೆ ಗೊತ್ತಾದ್ರೆ? ಅವರು ಈರುಳ್ಳಿ ಹೆಚ್ಚಿದ್ರೂ ಕಿಟಕಿ ತೆಗೆಯೋ ಜನ!'

'ಹಂಗಾದ್ರೆ ನಮ್ಮನೆಗೆ ಯಾಕೆ ಬರ್ತಾರೆ? ಕೋಳಿ ಗೂಡು ಬಾಗಿಲಲ್ಲೇ ಐತೆ.'

ಅವಳು ಮುಖ ತಿರುವಿದಳು. 'ಪಾತ್ರೆ ಒಳಗಿಂದ ಒಯ್ಯಬೇಡಿ. ತಿಂದೋರು ಸ್ನಾನ ಮಾಡದೆ ಹೊಸ್ತಿಲು ತುಳಿಯಬಾರದು. ಮೂರನೇ ಕಿವಿಗೆ ಬೀಳಬಾರದು' ಅಂದಳು. ಸೊಸೆ ಇಷ್ಟು ಷರತ್ತು ಹಾಕಿದಳು ಅಂದರೆ ಒಪ್ಪಿದಳು ಅಂತಲೇ ಅರ್ಥ.

ಮಗ ಹೊನ್ನಾಳಿಯಿಂದ ಮಾಂಸ ತಂದು, ಗಾಡಿ ನಿಲ್ಲಿಸದೆ ಹಿತ್ತಲ ಬೇಲಿ ಮೇಲಿಂದ ಚೀಲ ಇಳಿಸಿ, ತೋಟಕ್ಕೆ ಹೋಗಿಬಿಟ್ಟ. ಅವನ ಧೈರ್ಯ ಅಷ್ಟೇ. ಹಸುವಿಗೆ ಹುರುಳಿ ಬೇಯಿಸುವ ಬಾಣಲೆ ತಿಕ್ಕಿ ಕಲ್ಲಿನ ಮೇಲೆ ಇಟ್ಟೆ. ಹಂದಿ ಅಂದರೆ ನನ್ನ ಕೈ ತಾನೇ ತಾನಾಗಿ ಅರಿಶಿನ ಉಪ್ಪು ಹಾಕಿ ಬೇಯಾಕೆ ಇಡುತ್ತದೆ. ಚೈತ್ರ ಕೈ ಹಿಡಿದಳು. 'ಹಂಗಲ್ಲ ಅಜ್ಜಿ, ತೆಳ್ಳಗೆ ಕೊಯ್ದು ಸುಮ್ಮನೆ ಹುರಿಯೋದು.' ಕೊರಿಯಾದವರ ಕೆಂಪು ಖಾರ ನಮ್ಮಲ್ಲಿ ಸಿಗುವುದಿಲ್ಲವಂತೆ. ಸಿಗದಿದ್ದರೆ ಬಿಟ್ಟೇವಾ? ಬ್ಯಾಡಗಿ ಮೆಣಸಿನಕಾಯಿ ನೆನೆಹಾಕಿ, ಬೆಳ್ಳುಳ್ಳಿ, ಶುಂಠಿ, ಒಂದು ತುಂಡು ಅಚ್ಚು ಬೆಲ್ಲ ಹಾಕಿ ನಾನು ಕಲ್ಲಲ್ಲಿ ಅರೆದೆ. ಗೋಬಿ ಗಾಡಿಯವನ ಹತ್ತಿರ ಇಸಕೊಂಡು ಬಂದಿದ್ದ ಕಪ್ಪು ಸಾಸು ಅವಳು ಸುರಿದಳು. ರುಚಿ ನೋಡಿದೆ. 'ಇದು ರೊಟ್ಟಿ ಜೊತೆ ತಿನ್ನೋ ನಮ್ಮ ಕೆಂಪಿಂಡಿ ಕಣೇ, ಸ್ವಲ್ಪ ದೇಶ ಸುತ್ತಿ ಬಂದೈತೆ' ಅಂದೆ.

ಆಮೇಲೆ ಅವಳು, 'ಅನ್ನ ನೀನೇ ಮಾಡಬೇಕು ಅಜ್ಜಿ' ಅಂದಳು. ನಾನು ಚೇಷ್ಟೆ ಅಂದುಕೊಂಡೆ. ಸೊಕ್ಕೆ ಕಡೆ ಮಳೆ ನೆಚ್ಚಿದ ಹೊಲ; ರೊಟ್ಟಿ, ನವಣೆ ತಿಂದು ಬೆಳೆದವಳು ನಾನು, ಅನ್ನ ಹಬ್ಬಕ್ಕೊಂದು ಸಲ. ನೀರಾವರಿ ಭತ್ತದ ಊರಿಗೆ ಸೊಸೆಯಾಗಿ ಬಂದ ದಿನವೇ ನನ್ನ ಅನ್ನ ಮುದ್ದೆಯಾಯಿತು. 'ಗೋಡೆ ಮೆತ್ತಾಕೆ ಆಗುತ್ತೆ, ಇಡು' ಅಂದಿದ್ದರು ಅತ್ತೆ. ಇವತ್ತಿಗೂ ನನ್ನನ್ನು ಅನ್ನದ ಪಾತ್ರೆ ಹತ್ತಿರ ಬಿಡುವುದಿಲ್ಲ. ಹುಡುಗಿ ಹೇಳಿದಳು, 'ಕೊರಿಯಾದಲ್ಲಿ ಅನ್ನ ಅಂಟಿಕೊಂಡೇ ಇರಬೇಕು. ಅವರು ಎರಡು ಕಡ್ಡಿ ಹಿಡಿದು ಉಣ್ಣೋದು, ಎತ್ತಿದರೆ ಗಂಟು ಬರಬೇಕು.' ನೋಡಿ, ನಾನು ಹುಟ್ಟಿದ ದೇಶ ತಪ್ಪಾಗಿತ್ತು, ಅಷ್ಟೇ.

ಬಟ್ಟಲು ಒಳಗಿಂದ ತರುವ ಹಾಗಿಲ್ಲ. ಏನು ಮಾಡೋಣ ಅಂತ ನಾನು ನೋಡುತ್ತಿದ್ದೆ. ಚೈತ್ರ ಎದ್ದು ಹೋಗಿ ಅಟ್ಟದ ಮೇಲಿಂದ ಒಂದು ಕಟ್ಟು ಅಡಕೆ ಹಾಳೆಯ ದೊನ್ನೆ ತಂದಳು. ನ್ಯಾಮತಿಯವರ ಶಾಸ್ತ್ರಕ್ಕೆ ಅಂತ ತಂದವು. ದಾರ ಹಲ್ಲಲ್ಲಿ ಕಡಿದು, 'ಇಷ್ಟಕ್ಕಾದ್ರೂ ಬಂದವು' ಅಂದಳು. ನಾನು ಒಲೆಯ ಸೌದೆ ಒಳಕ್ಕೆ ನೂಕಿದೆ.

ಹುಡುಗಿ ಉಂಡಳು. ಬಿದಿರು ಸೀಳಿ ಮಾಡಿಕೊಂಡಿದ್ದ ಕಡ್ಡಿ ಎರಡು ಸಲ ಜಾರಿತು, ಬಿಸಾಡಿ ಕೈಯಲ್ಲೇ ಉಂಡಳು, ದೊನ್ನೆ ನೆಕ್ಕಿದಳು. ನಾನೂ ಉಂಡೆ. ಎಷ್ಟೋ ಕಾಲದ ಮೇಲೆ ನಾಲಿಗೆಗೆ ತವರು ಸಿಕ್ಕಿತು, ಹಲ್ಲಿಗೆ ಮಾತ್ರ ಸಿಗಲಿಲ್ಲ. ಇರುವ ನಾಲ್ಕೂ ಎದುರುಬದುರು ಇಲ್ಲ. ಹಿತ್ತಲ ಬಾಗಿಲಲ್ಲಿ ಗಿರಿಜಾ ಸೆರಗು ಮೂಗಿಗೆ ಹಿಡಿದು ನಿಂತಿದ್ದಳು. ಮಗಳು ಉಣ್ಣುವುದನ್ನು ನೋಡುತ್ತ ನೋಡುತ್ತ ಸೆರಗು ಮೂಗಿನಿಂದ ಕಣ್ಣಿಗೆ ಹೋಯಿತು. ಚೈತ್ರ ಎದ್ದು ಹೋಗಿ ಒಂದು ತುತ್ತು ಹಿಡಿದಳು. 'ಅಮ್ಮ, ಆ.' ಗಿರಿಜಾ ಬಾಯಿ ತೆರೆದಳು. ಆಮೇಲೆ ಅವಳೂ ಒಂದು ದೊನ್ನೆ ಹಿಡಿದು ಕೂತಳು ಬಿಡಿ.

ಷರತ್ತಿನಂತೆ ಮೂವರೂ ತಲೆಗೆ ನೀರು ಹಾಕಿಕೊಂಡು, ಇಳಿ ಬಿಸಿಲಿಗೆ ಮುಂದಿನ ಕಟ್ಟೆ ಮೇಲೆ ಕೂದಲು ಹರಡಿ ಕೂತಿದ್ದೆವು. ಅಲ್ಲೇ ಎಡವಟ್ಟಾಗಿದ್ದು. ಎದುರು ಮನೆ ರುದ್ರಮ್ಮ ಬಂದಳು. ಅವಳ ತಂಗಿಯನ್ನು ಕೊಟ್ಟಿರುವುದು ಬಸವಾಪಟ್ಟಣಕ್ಕೆ, ಅದೂ ಆ ಗಂಡಿನ ಮನೆಯ ಓಣಿಗೇ. ಇವಳ ಕಿವಿಗೆ ಬಿದ್ದದ್ದು ಬಸ್ಸಿಗಿಂತ ಮುಂಚೆ ಅಲ್ಲಿರುತ್ತದೆ.

'ಏನ್ರವ್ವ ಇದು, ಸಂಜೆ ಹೊತ್ತಿನಾಗೆ ಮೂರೂ ಮಂದಿ ತಲೆಗೆ ನೀರು ಹಾಕ್ಕೊಂಡೀರಿ? ಯಾರು ತೀರಿಕೊಂಡ್ರು?'

ಹಂದಿ ಅನ್ನಾಕೆ ಬಾಯಿ ತೆರೆದೆ. ಗಿರಿಜಾ ಹಿಂದಿನಿಂದ ಸೊಂಟ ಚಿವುಟಿದಳು. ಬಾಯಿಗೆ ಬಂದ ಹೆಸರು ಹೇಳಿಬಿಟ್ಟೆ. 'ಸೊಕ್ಕೆ ತಿಪ್ಪೇಶಿ. ನಮ್ಮ ಚಿಕ್ಕಪ್ಪನ ಮಗ.'

'ಅಯ್ಯೋ ಶಿವನೇ! ಮೊನ್ನೆ ಶೇಂಗಾ ಚೀಲ ಹೊತ್ಕೊಂಡು ಬಂದಿದ್ರಲ್ಲ! ಏನಾಗಿತ್ತು ಅವರಿಗೆ?'

'ಏನೂ ಆಗಿರಲಿಲ್ಲ' ಅಂದೆ. ಅದು ನಿಜವೇ.

'ಹಂಗೇ ಕುಂತಿದ್ದೋರು ಹೋಗಿಬಿಟ್ರಾ?'

'ಹಂಗೇ ಕುಂತಿರ್ಬೇಕು.'

ಅಷ್ಟರಲ್ಲಿ ಚೈತ್ರ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡಳು. ಭುಜ ಅಲ್ಲಾಡುತ್ತಿತ್ತು, ಒಳಗಿಂದ ಕೀರಲು ದನಿ. ರುದ್ರಮ್ಮ ಹೋಗಿ ಬೆನ್ನು ಸವರಿದಳು. 'ಅಳಬೇಡ ಕಣವ್ವ. ಎಂಥಾ ಕರುಳು ನೋಡ್ರಿ ಈ ಹುಡುಗಿದು, ದೂರದ ಅಜ್ಜನಿಗೆ ಹಿಂಗೆ ಅಳ್ತಾಳೆ.' ಅಂದಷ್ಟೂ ಭುಜ ಇನ್ನೂ ಜೋರಾಗಿ ಅಲ್ಲಾಡಿತು. ಆ ಹುಡುಗಿ ನಕ್ಕಿದ್ದು ಎಷ್ಟು ದಿನದ ಮೇಲೋ! ತಿಪ್ಪೇಶಿ ಸತ್ತದ್ದು ಸಾರ್ಥಕ ಅನ್ನಿಸಿತು.

ಸಾವಿನ ಮನೆಯಲ್ಲಿ ಒಲೆ ಹಚ್ಚಬಾರದು ಅಂತ ರುದ್ರಮ್ಮ ಅನ್ನ, ಬೇಳೆ ಸಾರು ಮಾಡಿ ತಂದು, ಎದುರು ಕೂತು ಬಡಿಸಿದಳು. ಗಂಟಲವರೆಗೂ ಹಂದಿ ತುಂಬಿಕೊಂಡ ಮೂವರು, ಮುಖ ಸಣ್ಣಗೆ ಮಾಡಿಕೊಂಡು ಅದನ್ನೂ ಉಂಡೆವು. 'ದುಃಖದಾಗೆ ಊಟ ಸೇರಲ್ಲ, ಪಾಪ' ಅಂತ ಮತ್ತೊಂದು ಸೌಟು ಹಾಕಿದಳು.

ಮಾರನೆಯ ದಿನ ಬೆಳಗ್ಗೆ ಬಸವಾಪಟ್ಟಣದಿಂದ ಫೋನ್ ಬಂತು. ಸಾವು ಕೇಳಿದ ಮನೆಗೆ ಹೆಣ್ಣು ನೋಡಾಕೆ ಬರುವುದು ಒಳ್ಳೆಯದಲ್ಲ, ಮುಂದಿನ ತಿಂಗಳು ನೋಡೋಣ ಅಂದರು. ಗಿರಿಜಾ ಮಗಳ ಮುಖ ನೋಡಿದಳು. ಅವಳು ತಟ್ಟೆ ಎಳೆದುಕೊಂಡು ಎರಡನೇ ರೊಟ್ಟಿಗೆ ಕೈ ಹಾಕಿದ್ದಳು. 'ಆಗಲಿ, ಅವಳು ಹೂಂ ಅಂದ ಮೇಲೆ ನಾವೇ ಹೇಳಿಕಳಿಸ್ತೀವಿ' ಅಂತ ಗಿರಿಜಾ ಫೋನ್ ಇಟ್ಟಳು. ಇಡುವಾಗ ಅತ್ತ ಕಡೆಯವರು 'ಇಲ್ಲ ಇಲ್ಲ, ದೂರದ ಅಜ್ಜನಿಗೇ ಅಷ್ಟು ಅತ್ತ ಹುಡುಗಿ, ನಾವೇ ಬರ್ತೀವಿ' ಅನ್ನುತ್ತಿದ್ದದ್ದು ನನಗೂ ಕೇಳಿಸಿತು.

ನನ್ನ ಮನಸ್ಸು ಮಾತ್ರ ತಡೆಯಲಿಲ್ಲ. ಚೈತ್ರಳ ಕೈಲಿ ಸೊಕ್ಕೆಗೆ ಫೋನ್ ಹಚ್ಚಿಸಿದೆ. ತಿಪ್ಪೇಶಿಯೇ ಎತ್ತಿದ.

'ಏನಕ್ಕಾ, ನೀನು ಫೋನ್ ಮಾಡಿದ್ದು ನೋಡಿ ಯಾರೋ ಹೋದ್ರೇನೋ ಅನ್ಕೊಂಡೆ!'

'ಇಲ್ಲಪ್ಪ. ನೀನು ಚೆನ್ನಾಗಿದ್ದೀಯಾ?'

'ಕಲ್ಲುಗುಂಡು ಇದ್ದಂಗಿದ್ದೀನಿ. ಇಷ್ಟು ಕರುಳಿಟ್ಟು ಕೇಳ್ತೀಯ, ಈ ವಾರ ಬಂದು ನಿನ್ನ ನೋಡ್ಕೊಂಡು ಹೋಗ್ತೀನಿ.'

'ಈ ವಾರ ಬೇಡ ಕಣೋ!' ಅಂತ ಕೂಗಿದ ರಭಸಕ್ಕೆ ಕೋಳಿಗಳು ಎದ್ದುಹೋದವು. 'ಮುಂದಿನ ತಿಂಗಳು ಬಾ.'

ಬರುತ್ತಾನೆ, ಹೇಳಿದರೆ ಬಿಡುವವನಲ್ಲ. ಬಸವಾಪಟ್ಟಣದವರೂ ಮುಂದಿನ ತಿಂಗಳೇ ಬರುವವರು. ಒಂದೇ ದಿನ ಬಂದರೆ ಯಾರನ್ನು ಮುಂದಿನ ಬಾಗಿಲಲ್ಲಿ ಕರೆಯಬೇಕು, ಯಾರನ್ನು ಹಿತ್ತಲಲ್ಲಿ ಅಂತ ಗಿರಿಜಾ ನನ್ನನ್ನೇ ಕೇಳುತ್ತಿದ್ದಾಳೆ. ಗೊತ್ತಿಲ್ಲ ಅಂದೆ. ನಾನು ಹೆಚ್ಚು ಓದಿದವಳಲ್ಲ. ಸತ್ತವನನ್ನು ಕಾಫಿ ಕೊಟ್ಟು ಕೂರಿಸುವುದು ಹೆಂಗೆ ಅಂತ ನನಗೆ ಯಾರೂ ಹೇಳಿಕೊಟ್ಟಿಲ್ಲ.